ಎಂಟನೆಯ ಧೋತರ

ಹಾಸಿದ್ದ ಧೋತರ ಎದ್ದು ನಿಂತಿತು ಎಂದು ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಸುಳ್ಳು. ಅದು ಏಳಲಿಲ್ಲ. ಕಣ್ಣು ತೆರೆಯಿತು, ಅಷ್ಟೇ.

ಮೊರಬದಲ್ಲಿ ನನ್ನ ಸೋದರತ್ತೆಯ ಹೊಲ. ಚಳಿಗಾಲದಲ್ಲಿ ಆಕೆ ಸಂಜೆ ಕಡ್ಲಿ ಗಿಡಗಳ ಮೇಲೆ ಬಿಳಿ ಧೋತರ ಹಾಸಿ ಬರುತ್ತಾಳೆ. ಎಲೆಯ ಹುಳಿ ಇಬ್ಬನಿಯೊಂದಿಗೆ ಬಟ್ಟೆಗೆ ಇಳಿಯುತ್ತದೆ. ಬೆಳಿಗ್ಗೆ ಹಿಂಡಿ ಬಾಟಲಿಗೆ ತುಂಬಿಟ್ಟರೆ ವರ್ಷವಿಡೀ ಮನೆಮಂದಿಯ ಹೊಟ್ಟೆನೋವಿಗೆ ಅದೇ ಔಷಧ. ಸಂಶಿಯಲ್ಲಿ ಮಾಸ್ತರಿಕೆ ಮಾಡುವ ನಾನು ಎರಡು ದಿನದ ರಜೆಗೆ ಬಂದಿದ್ದೆ. "ಹೋಗಿ ಹಿಂಡಕೊಂಡ ಬಾ. ಕೈಗೆ ಗಾಯ ಇದ್ದರ ಉರಿತದ ನೋಡು" ಎಂದು ಅತ್ತೆ ಬೋಗುಣಿ ಕೊಟ್ಟು ಕಳಿಸಿದಳು.

ಹಾಸಿದ್ದು ಎರಡು. ಒಂದನ್ನು ಹಿಂಡಿದೆ. ಇನ್ನೊಂದು ಎಂದುಕೊಂಡು ಬಗ್ಗಿದೆ. ಆಗ ಆ ಕಣ್ಣು.

ಚಿಗರಿ ಮರಿ, ಕೃಷ್ಣಮೃಗದ ಕೂಸು. ಹುಟ್ಟಿ ನಾಲ್ಕೈದು ದಿನವಾಗಿರಬೇಕು. ತಾಯಿ ಹೀಗೆ ಬಚ್ಚಿಟ್ಟು ಮೇಯಲು ಹೋಗುತ್ತದೆ, ಮರಿ ಮಿಸುಕದೆ ಬಿದ್ದಿರುತ್ತದೆ. ಈ ಎರೆ ನೆಲಕ್ಕೆ ಚಿಗರಿ ಹೊಸದಲ್ಲ. ಆದರೆ ಇದು ಮೂತಿಯಿಂದ ಗೊರಸಿನ ತನಕ ಬಿಳಿ. ಕಣ್ಣು ಗುಲಾಬಿಯಾಗಿತ್ತು ಎಂದು ಒಮ್ಮೆ, ಕಪ್ಪಾಗಿತ್ತು ಎಂದು ಇನ್ನೊಮ್ಮೆ ನೆನಪಾಗುತ್ತದೆ. ಎರಡು ಸಲವೂ ಅಷ್ಟೇ ಖಾತ್ರಿಯಾಗಿ.

ಹನ್ನೆರಡು ಸೆಕೆಂಡಿನ ವಿಡಿಯೊ ಮಾಡಿದೆ. ನನ್ನ ಜೊತೆಗಿನ ಮಾಸ್ತರನಿಗೆ, ಅವನೊಬ್ಬನಿಗೇ, ಕಳಿಸಿದೆ. ಮನೆಗೆ ಬಂದು ಅತ್ತೆಗೆ ತೋರಿಸುವಾಗ ಕಂಡಿತು: ಮೂಲೆಯಲ್ಲಿ ನಮ್ಮ ಪಂಪಿನ ಕೋಣೆಯ ಮುರುಕು ನೀಲಿ ಬಾಗಿಲು. ಆ ದಾರಿಯಲ್ಲಿ ಓಡಾಡುವ ಯಾರಾದರೂ ಗುರುತು ಹಿಡಿಯುತ್ತಾರೆ. ಅಳಿಸಿದೆ. ಅವನಿಗೆ ಫೋನ್ ಮಾಡಿದೆ. "ಛೇ, ಎರಡ ಗ್ರೂಪಿಗೆ ಹಾಕಿಬಿಟ್ಟೇನಲ್ಲೋ" ಎಂದ.

"ಬಿಳೀದಿರಲಿ ಕರೀದಿರಲಿ, ತಿನ್ನೂದು ನನ್ನ ಕಡ್ಲೀನ" ಎಂದಳು ಅತ್ತೆ. ಹಿಂಡು ಹೊಲ ಹೊಕ್ಕರೆ ಡಬ್ಬಿ ಬಡಿದು ಓಡಿಸುವವಳು. ಫೋನನ್ನು ನನ್ನ ಕೈಗೆ ಕೊಡುತ್ತ ಕೇಳಿದಳು, "ಹಿಡಕೊಂಡ ಹೋಗತಾರೇನ?"

"ನಾವ ಎತಗೊಂಡ ಬಂದ ಮನ್ಯಾಗ ಇಡೂಣೇನ?" ಎಂದೆ.

"ಮನಷ್ಯಾರ ಕೈ ವಾಸನಿ ಹತ್ತಿದ ಮ್ಯಾಲ ತಾಯಿ ಮುಟ್ಟತದೇನಲೇ? ಸಾಲ್ಯಾಗ ಏನ ಕಲಸ್ತೀಯೋ ನೀ!" ಎನ್ನುತ್ತಲೇ ಟ್ರಂಕು ತೆಗೆದಳು. ಮಾವನ ಹಳೆಯ ಧೋತರಗಳು, ಐದು. ಬೆಳಗಿನ ಎರಡು ಸೇರಿ ಏಳನ್ನೂ ಹೊಲದ ತುಂಬ ಅಲ್ಲೊಂದು ಇಲ್ಲೊಂದು ಹಾಸಿದೆವು. ಮರಿಯ ಹತ್ತಿರ ಮಾತ್ರ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂರು ಬೈಕು ಬಂದವು. ಒಬ್ಬನ ಹೆಗಲ ಮೇಲೆ ಬಲೆ.

"ಯವ್ವಾ, ಬಿಳಿ ಚಿಗರಿ ಎಲ್ಲೈತಿ?"

"ಅಲ್ಲೇ ಅದಾವ ನೋಡ್ರಿ. ಯಾವುದ ಬೇಕ ಹಿಡಕೊಳ್ರಿ. ಒಂದೀಟ ಹರದಾವ" ಎಂದಳು ಅತ್ತೆ. "ಇಂವ ನಮ್ಮ ಅಣ್ಣನ ಮಗಾ, ಮಾಸ್ತರ. ಚಷ್ಮಾ ಬಿಟ್ಟ ಹೊಲಕ್ಕ ಬಂದಿದ್ದ."

ನನಗೆ ಚಷ್ಮಾ ಇಲ್ಲ. ತಲೆ ತಗ್ಗಿಸಿದೆ. ಅವರು ನಕ್ಕರು. ನಗದೇ ಇದ್ದವನು ಒಬ್ಬ, ವಯಸ್ಸಾದವನು. ಸೂರ್ಯನನ್ನು ನೋಡಿದ, ಹೊಲವನ್ನು ನೋಡಿದ.

"ಹುಳಿ ಹಗಲಾಗ ಹಿಡಿತಾರೇನ್ರಿ ಅಕ್ಕಾರ?"

"ಹಿಂಡಿ ಒಣಾಕ ಹಾಕೇನ್ರಿ. ತಂತಿ ಮ್ಯಾಲ ಹಾಕಿದರ ಮಂಗ್ಯಾ ಒಯ್ಯತಾವ."

ಆಗ ಗಾಳಿ ಬಂತು. ಧೋತರಗಳ ಅಂಚು ಎದ್ದವು, ಬಿದ್ದವು, ಮತ್ತೆ ಎದ್ದವು. ಒಂದು ಬಿಳುಪು ಮಾತ್ರ ಅಲುಗಲಿಲ್ಲ. ಅತ್ತ ನೋಡಬಾರದೆಂದು ನಾನು ನೀಲಿ ಬಾಗಿಲನ್ನೇ ನೋಡುತ್ತ ನಿಂತೆ. ಬಲೆಯವನು ಹೊಲದೊಳಗೆ ಎರಡು ಹೆಜ್ಜೆ ಇಟ್ಟ.

"ಏ, ಚಪ್ಪಲಿ ಕಾಲೀಲೆ ನನ್ನ ಕಡ್ಲಿ ತುಳದಿ ಅಂದ್ರ ನೋಡು!" ಅತ್ತೆ ಕಿರುಚಿದಳು. ಅದರಲ್ಲಿ ನಟನೆ ಇರಲಿಲ್ಲ. ಅವನು ಹಿಂದೆ ಸರಿದ.

"ಮಾಸ್ತರ್ರ, ಧೋತರಕ್ಕ ಕೊಂಬ ಬಂದ ಮ್ಯಾಲ ಹೇಳ್ರಿ, ಮತ್ತ ಬರತೇವಿ" ಎಂದು ಬೈಕು ಹತ್ತಿದರು. ವಯಸ್ಸಾದವನು ಕೂಡಲೇ ಹತ್ತಲಿಲ್ಲ. ಹೊಲದ ಕಡೆ ನೋಡುತ್ತಿದ್ದ. ಯಾವ ಬಿಳುಪನ್ನು ನೋಡುತ್ತಿದ್ದ ಎಂದು ಈಗಲೂ ಗೊತ್ತಿಲ್ಲ.

ಸಂಜೆ ತಾಯಿ ಬಂದು ಮರಿಯನ್ನು ಕರೆದುಕೊಂಡು ಹೋಯಿತು, ನಾನೇ ಕಂಡೆ ಎಂದು ಶಾಲೆಯ ಮಕ್ಕಳಿಗೆ ಹೇಳಿದ್ದೇನೆ. ಕಂಡದ್ದು ಅದಲ್ಲ. ಪಂಪಿನ ಕೋಣೆಯ ಹತ್ತಿರ ಕಾವಲು ಕೂತಿದ್ದೆವು. ನಡುವೆ ಚಹಾ ಕುಡಿಯಲು ಮನೆಗೆ ಹೋಗಿಬಂದೆವು. ಹೊತ್ತು ಮುಳುಗುವಾಗ ಎಣಿಸಿದೆ. ಏಳು. ಮತ್ತೆ ಎಣಿಸಿದೆ.

"ತಾಯೀನ ಒಯ್ದಿರತದ" ಎಂದಳು ಅತ್ತೆ. ಆದರೆ ಬಾಗಿ, ನೆಲದ ಮೇಲೆ ಚಪ್ಪಲಿ ಗುರುತು ಹುಡುಕುತ್ತಿದ್ದಳು. ಗುರುತು ಬಹಳ ಇದ್ದವು. ನಮ್ಮವೂ ಅದರಲ್ಲೇ ಇದ್ದವು.

ಕೆಲವು ದಿನಗಳ ಮೇಲೆ ಆ ವಿಡಿಯೊ ಯಾವುದೋ ಗ್ರೂಪಿನಿಂದ ನನಗೇ ಬಂತು. ಕೆಳಗೆ ಬೇರೆ ಜಿಲ್ಲೆಯ ಹೆಸರು. ಕೈಯಿಂದ ಕೈಗೆ ಹೋಗಿ ಎಷ್ಟು ಮಸುಕಾಗಿತ್ತೆಂದರೆ ಕಣ್ಣು ಕಾಣಲಿಲ್ಲ, ಬಾಗಿಲೂ ಕಾಣಲಿಲ್ಲ. ಕಡ್ಲಿ ಗಿಡಗಳ ಮೇಲೆ ಒಂದು ಬಿಳಿ ಕಲೆ. ಧೋತರ ಎಂದರೆ ನಾನೇ ನಂಬುತ್ತಿದ್ದೆ. 'ಇದು ನಮ್ಮ' ಎಂದು ಟೈಪ್ ಮಾಡಿ, ಅಳಿಸಿದೆ.

ಈಗ ಬರೆಯುತ್ತಿರುವಾಗ ಅದೇ ತಪ್ಪನ್ನು ಮತ್ತೆ ಮಾಡುತ್ತಿದ್ದೇನೆಯೇ ಎಂಬ ಅಳುಕು. ಮರಿ ಬದುಕಿದ್ದರೆ ಈಗ ಬೆಳೆದಿರುತ್ತದೆ, ಯಾವ ಹೊಲದಲ್ಲಿದ್ದರೂ ದೂರದಿಂದಲೇ ಕಾಣುತ್ತದೆ. ಮೊರಬ ಎಂದು ಬರೆದಿದ್ದೇನೆ. ಬಾಗಿಲು ನೀಲಿ ಎಂದೂ ಬರೆದಿದ್ದೇನೆ. ಎರಡನ್ನೂ ನಂಬಿ ಯಾರೂ ಹೊರಡಬೇಡಿ.