ಲಂಗೋಟಿಗೂ ಬಿಸಿಲು ಬೇಕು

ಲಿಂಗಸುಗೂರಿನ ನಮ್ಮ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ದಿನಕ್ಕೆ ಐನೂರು ಬಸ್ಕಿ ಹೊಡೆಯುವ ಗಂಡಸರಿದ್ದೆವು. ಮಸ್ತಿಗೆ ಬಂದ ಹೋರಿಯ ಕೋಡು ಹಿಡಿದು ನಿಲ್ಲಿಸುವವರೂ ಇದ್ದರು. ಆದರೆ ತೊಡೆಸಂದಿಯಲ್ಲಿ ಗಜಕರ್ಣ ಎದ್ದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಒಬ್ಬನಿಗೂ ಇರಲಿಲ್ಲ.

ಅದಕ್ಕೆ ಕಾರಣವಿತ್ತು. ಕುಸ್ತಿ ಹಿಡಿಯುವವನು ಹೆಣ್ಣಿನಿಂದ ದೂರ ಇರಬೇಕೆಂಬುದು ತಾಲೀಮಿನ ಕಟ್ಟಳೆ. ತೊಡೆಸಂದಿಯ ಚರ್ಮ ಕೆಟ್ಟಿತೆಂದರೆ ಇವನು ಹೋಗಬಾರದ ಕಡೆ ಹೋಗಿ ಬಂದಿದ್ದಾನೆ ಎಂದೇ ಅರ್ಥ. ಲಂಗೋಟಿಯ ಮೇಲೆ ಹೆಂಗಸರ ಕಣ್ಣು ಬಿದ್ದರೆ ಕಸುವು ಇಳಿಯುತ್ತದೆ ಎಂಬ ನಂಬಿಕೆ ಬೇರೆ. ತಾಲೀಮಿನ ಎದುರಿಗೇ ಹೆಂಗಸರು ನೀರು ಸೇದುವ ಬಾವಿ ಇದ್ದುದರಿಂದ ನಮ್ಮೆಲ್ಲರ ಲಂಗೋಟಿಗಳೂ ಹಿಂದಿನ ಕತ್ತಲೆ ಕೋಣೆಯಲ್ಲಿ, ಒಂದೇ ಹಗ್ಗದ ಮೇಲೆ, ಒಂದಕ್ಕೊಂದು ಅಂಟಿಕೊಂಡು ನೇತಾಡುತ್ತಿದ್ದವು. ಮಳೆಗಾಲದಲ್ಲಂತೂ ಒಣಗುತ್ತಲೇ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ಬಿಗಿದುಕೊಂಡು ಅಖಾಡಕ್ಕೆ ಇಳಿಯುತ್ತಿದ್ದೆವು.

ನನಗೆ ಹತ್ತೊಂಬತ್ತು ವರ್ಷ ತುಂಬಿದ ಮಳೆಗಾಲದಲ್ಲಿ ಅದು ಶುರುವಾಯಿತು. ಮೊದಲು ಒಂದು ಕೆಂಪು ಬಿಲ್ಲೆ, ಆಮೇಲೆ ಎರಡೂ ತೊಡೆಗೆ ಹಬ್ಬಿದ ಉರಿ. ನಿಜಾಮರ ಸರ್ಕಾರದ ದವಾಖಾನೆ ಊರಲ್ಲೇ ಇತ್ತು. ಆದರೆ ಅಲ್ಲಿನ ಡಾಕ್ಟರ ದನಿ ದೊಡ್ಡದು. ಎಲ್ಲಿ, ಏನು, ಎಷ್ಟು ದಿನ ಎಂದು ಅವರು ಕೇಳಿದ್ದು ತಹಶೀಲ ಕಚೇರಿಯ ತನಕ ಕೇಳಿಸುತ್ತಿತ್ತು. ಹೇಳಿದರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಪ್ರಾಣ ಹೋಗುತ್ತದೆ ಎನ್ನುವ ಸ್ಥಿತಿ ನನ್ನದು. ಯಾರೋ ಎಂದೋ ಹೇಳಿದ್ದು ನೆನಪಾಗಿ ಸುಣ್ಣ ಹಚ್ಚಿಕೊಂಡೆ. ಆ ದಿನ ಅತ್ತದ್ದನ್ನು ಈಗ ನೆನೆದರೆ ನಗು ಬರುತ್ತದೆ, ಆಗ ಬಂದಿರಲಿಲ್ಲ.

ನಾನು ಕಾಲು ಅಗಲಿಸಿ ನಡೆಯುವುದನ್ನು ಮಸ್ಕಿಯಿಂದ ಬಂದಿದ್ದ ಹಿರಿಯ ಪೈಲ್ವಾನನೊಬ್ಬ ಗಮನಿಸಿದ. ಒಂದು ಬೆಳಿಗ್ಗೆ ಎಲ್ಲರ ಮುಂದೆ ಅಖಾಡದಲ್ಲೇ ಅಂದುಬಿಟ್ಟ.

"ಉಸ್ತಾದ್ರ, ಇಂವ ಲಂಗೋಟಿ ಸಡ್ಲ ಮಾಡ್ಯಾನ್ರಿ. ನಡಿಗಿ ನೋಡ್ರಿ. ಇವನ್ನ ಹೊರಗ ಹಾಕ್ರಿ, ಇಲ್ಲಾಂದ್ರ ಮಣ್ಣು ಮೈಲಿಗಿ ಆಕ್ಕತಿ."

ತಾಲೀಮಿನಿಂದ ಹೊರಬಿದ್ದವನಿಗೆ ಸುತ್ತಲ ಯಾವ ಊರಲ್ಲೂ ಎದುರಾಳಿ ಸಿಗುತ್ತಿರಲಿಲ್ಲ. ಹುಡುಗಿ ಸಿಗುವುದಂತೂ ದೂರದ ಮಾತು. ನಮಗೆ ಕುಸ್ತಿ ಕಲಿಸುತ್ತಿದ್ದ ಉಸ್ತಾದರು ಎಂದರೆ ಗಿಣಿಮೂಗಿನ, ಆರಡಿ ಎತ್ತರದ ಮುಸಲ್ಮಾನರು. ಮನೆಯಲ್ಲಿ ದಖ್ಖನಿ ಉರ್ದು, ಅಖಾಡದಲ್ಲಿ ನಮ್ಮಂಥದೇ ಕನ್ನಡ. ಅವರು ನನ್ನನ್ನು ನೋಡಲಿಲ್ಲ, ಅವನನ್ನೂ ನೋಡಲಿಲ್ಲ. "ನಾಳಿಗೆ ಹೇಳ್ತೀನಿ" ಎಂದರು ಅಷ್ಟೇ.

ಮಧ್ಯಾಹ್ನ ಹೇಳಿಕಳಿಸಿದರು. ಹೋದಾಗ ಕತ್ತಲೆ ಕೋಣೆಯಲ್ಲಿ ನಿಂತು ಒಂದೊಂದೇ ಲಂಗೋಟಿಯನ್ನು ಮೂಸಿ ನೋಡುತ್ತಿದ್ದರು. ನಾನು ತಾಯಿಯ ಮೇಲೆ ಆಣೆ ಇಡಲು ಹೋದೆ.

"ಆಣಿ ಯಾಕಲೇ ತಮ್ಮ? ಆಣಿಯಿಂದ ಗಜಕರ್ಣ ಹೋಗತೈತೇನು?"

ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ತಗಚಿ ಗಿಡದ ಬೀಜ ತಂದು ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿದ್ದರು. ಆ ದೊಡ್ಡ ಕೈಗಳಿಂದ ತಾವೇ ಅರೆದು ಗಡಿಗೆಗೆ ತುಂಬಿ ಬಾಗಿಲ ಹಿಂದೆ ಇಟ್ಟರು. ಸಾಮು ಮುಗಿದ ಕೂಡಲೇ ಹಸಿ ಲಂಗೋಟಿ ಬಿಚ್ಚಬೇಕು, ಬೇವಿನ ನೀರಲ್ಲಿ ತೊಳೆದುಕೊಂಡು ಸಂದಿಯೆಲ್ಲ ಒಣಗುವಂತೆ ಒರೆಸಿಕೊಳ್ಳಬೇಕು, ಆಮೇಲೆ ಇದನ್ನು ಹಚ್ಚಬೇಕು, ಒಬ್ಬನದು ಇನ್ನೊಬ್ಬ ಉಡಬಾರದು ಎಂದರು. ನಾನು ಹಚ್ಚಿಕೊಳ್ಳುವಾಗ ಗೋಡೆಯ ಕಡೆ ತಿರುಗಿ ನಿಂತರು. ಅಷ್ಟು ನಾಜೂಕು ಆ ಬೆಟ್ಟದಂಥ ದೇಹದಲ್ಲಿ ಎಲ್ಲಿತ್ತೋ.

ಮರುದಿನ ಅಷ್ಟೂ ಲಂಗೋಟಿಗಳನ್ನು ಕುದಿಯುವ ನೀರಿಗೆ ಹಾಕಿಸಿ, ಬಾವಿಯ ಪಕ್ಕದ ಎರಡು ಬೇವಿನ ಮರಕ್ಕೆ ಹಗ್ಗ ಕಟ್ಟಿ, ಮಳೆ ಬಿಟ್ಟು ಬಿದ್ದ ಸುಡು ಬಿಸಿಲಲ್ಲಿ ಹರವಿದರು. ಮೊಟ್ಟಮೊದಲು ತಮ್ಮದೇ. ನೀರಿಗೆ ಬಂದ ಹೆಂಗಸರು ಕೊಡ ಹಿಡಿದುಕೊಂಡು ಹಿಂದೆ ಸರಿದರು. ಮಸ್ಕಿಯವನು ತಲೆ ಚಚ್ಚಿಕೊಂಡ.

ಉಸ್ತಾದರು ಹೆಂಗಸರಿಗೆ ಕೈ ಮುಗಿದು ಹೇಳಿದರು: "ಅವ್ವಗಳಿರಾ, ಇವು ನನ್ನ ಮಕ್ಕಳ ಅರಿವಿ ಅದಾವ. ನಿಮ್ಮ ಮಕ್ಕಳ ಅರಿವಿ ನೀವು ಬಿಸಲಿಗೆ ಹಾಕಂಗಿಲ್ಲೇನ್ರಿ?"

ಒಬ್ಬ ಮುದುಕಿ ಮಾತ್ರ ಮುಂದೆ ಬಂದು, ಮಡಚಿಕೊಂಡಿದ್ದ ಒಂದೆರಡನ್ನು ಬಿಡಿಸಿ ನೆಟ್ಟಗೆ ಹಾಕಿ ನೀರು ಸೇದಿಕೊಂಡು ಹೋದಳು.

ನನ್ನೊಬ್ಬನಿಗೆ ಹದಿನೈದು ದಿನಕ್ಕೆ ಸಾಕಾಗಬೇಕಿದ್ದ ಬಾಗಿಲ ಹಿಂದಿನ ಗಡಿಗೆ ಎರಡೇ ದಿನದಲ್ಲಿ ಖಾಲಿಯಾಯಿತು! ಇಡೀ ತಾಲೀಮು ನನ್ನಂತೆಯೇ ಮುಚ್ಚಿಟ್ಟುಕೊಂಡು ಕೆರೆದುಕೊಳ್ಳುತ್ತಿತ್ತು. ಮಸ್ಕಿಯವನ ಉಗುರಲ್ಲೂ ತಗಚಿ ಮೆತ್ತಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಮಜ್ಜಿಗೆಗೆ ಬಿದ್ದಿತ್ತು. ಉಸ್ತಾದರು ಯಾರನ್ನೂ ಏನೂ ಕೇಳದೆ ಮತ್ತೆ ಅರೆಯಲು ಕೂತರು. ನನ್ನನ್ನು ಹೊರಹಾಕುವ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಚಳಿಗಾಲಕ್ಕೆ ಚರ್ಮ ತಿಳಿಯಾಯಿತು. ಸಿಂಧನೂರಿನ ಕುಸ್ತಿಯಲ್ಲಿ ಗೆದ್ದು ಜರಿಯಂಚಿನ ರುಮಾಲು ಸುತ್ತಿಸಿಕೊಂಡೆ. ಬಂಡಿಯಲ್ಲಿ ಹಿಂದಿರುಗುವಾಗ ಮಸ್ಕಿಯ ಹಳ್ಳದ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ನಿಂತೆವು. ಉಸ್ತಾದರು ಲುಂಗಿ ಎತ್ತಿಕಟ್ಟಿ ನೀರಿಗಿಳಿದಾಗ ಅವರ ಒಳತೊಡೆಯ ಹಳೆಯ ಕಪ್ಪು ಕಲೆಗಳು ಕಂಡವು. ನನ್ನ ನೋಟ ಅವರಿಗೂ ಕಂಡಿತು.

"ಇದು ಎದ್ದಾಗ ನಾನೂ ನಿನ್ನಷ್ಟೇ ಇದ್ದೆ. ನಮ್ಮ ಉಸ್ತಾದ್ರು ನಾಳಿಗೆ ಹೇಳ್ತೀನಿ ಅನ್ನಲಿಲ್ಲ ನೋಡು. ಆಗಿಂದಾಗ ಹೊರಗ ಹಾಕಿದ್ರು. ಹೆಣ್ಣಿನ ನೆರಳೂ ಸೋಕಿದಾಂವ ಅಲ್ಲ ನಾ. ಔಷಧ ಗೊತ್ತಾಗಿದ್ದು ಆಮ್ಯಾಲೆ, ಒಬ್ಬ ಅಗಸರ ಮುದುಕಿಯಿಂದ."

"ಆಮ್ಯಾಲೆ ಕುಸ್ತಿ, ಉಸ್ತಾದ್ರ?"

"ಯಾರು ಹಿಡಿತಾರ? ಅದಕ್ಕ ಇಷ್ಟು ದೂರ ಬಂದು ನಿಮಗ ಕಲಸಾಕತ್ತೀನಿ."

ನಮಗೆಲ್ಲ ಪಟ್ಟು ಕಲಿಸಿದ ಈ ಮನುಷ್ಯ ಊರೂರಿನ ಅಖಾಡಗಳಲ್ಲಿ ಬದಿಗೆ ನಿಂತದ್ದನ್ನಷ್ಟೇ ನಾನು ನೋಡಿದ್ದೆ ಎಂಬುದು ಆಗ ಹೊಳೆಯಿತು. ತಲೆಯಿಂದ ರುಮಾಲು ಬಿಚ್ಚಿ ಅವರ ತಲೆಗೆ ಸುತ್ತಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಲಿಂಗಸುಗೂರು ಬರುವ ತನಕ ಅದನ್ನು ಕಟ್ಟಿಕೊಂಡೇ ಬಂಡಿಯಲ್ಲಿ ನೆಟ್ಟಗೆ ಕೂತಿದ್ದರು.