ಕೆಟ್ಟದ್ದನ್ನು ಕಳಿಸದ ಶೆಡ್ಡು

ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆಯವನು ಅಲ್ಬೇನಿಯಾದವನು. ಅವನ ಊರಲ್ಲಿ ಒಂದು ಕಾಲಕ್ಕೆ ಎಲ್ಲ ಕಾರ್ಖಾನೆಯೂ ಸರ್ಕಾರದ್ದು. ಆ ಸರ್ಕಾರ ಬಿದ್ದಮೇಲೆ ಯಂತ್ರಗಳು ಗುಜರಿಗೆ ಹೋದವು, ಜನ ಇಟಲಿಗೆ ಹೋದರು, ಇವನು ಇಲ್ಲಿಗೆ ಬಂದ. ಈಚೆಗೆ ತನ್ನೂರಲ್ಲಿ ಖಾಲಿ ಬಿದ್ದಿದ್ದ ಒಂದು ಶೆಡ್ಡು ಬಾಡಿಗೆಗೆ ಹಿಡಿದು, ಕಾರಿನ ಬಾಗಿಲಿಗೆ ಕೂರಿಸುವ ರಬ್ಬರ್ ಪಟ್ಟಿ ಮಾಡಲು ಶುರುಮಾಡಿದ್ದ. ತಂಗಿ ಅಲ್ಲಿದ್ದು ನಡೆಸುವುದು, ಇವನು ಇಲ್ಲಿದ್ದು ಗಿರಾಕಿ ಹುಡುಕುವುದು. ಇಲ್ಲೇ ಹತ್ತಿರದ ಲಿವೋನಿಯಾದಲ್ಲಿರುವ ನಮ್ಮ ಕಾರು ಕಂಪನಿಯ ಆರ್ಡರ್ ಸಿಕ್ಕರೆ ಶೆಡ್ಡು ಉಳಿಯುತ್ತಿತ್ತು. ಬೇರೆ ಗಿರಾಕಿ ಇರಲಿಲ್ಲ.

ಆಫೀಸಿನಲ್ಲಿ ಪಟ್ಟಿಗಳನ್ನು ಪರೀಕ್ಷಿಸುವವನು ನಾನೇ. ಅವನಿಗೆ ಬಿಡಿಸಿ ಹೇಳಿದ್ದೆ: "ಯಂತ್ರದಿಂದ ಬಿದ್ದದ್ದನ್ನ ಬಿದ್ದ ಹಾಗೇ ಕಳಿಸಪ್ಪ. ಆರಿಸಬೇಡಿ. ಎಲ್ಲಿ ತಪ್ಪುತ್ತೆ ಅಂತ ನಾವು ನೋಡಬೇಕು." ಆಯಿತು ಆಯಿತು ಎಂದು, ತಳದಲ್ಲಿ ಚರಟ ನಿಲ್ಲುವ ತಮ್ಮೂರಿನ ಕಾಫಿ ಕೊಟ್ಟ.

ಮಾದರಿ ಪಟ್ಟಿಗಳ ಪೆಟ್ಟಿಗೆ ಬಂತು. ಒಂದೊಂದು ಪಟ್ಟಿಯನ್ನೂ ಒರೆಸಿ, ತೆಳು ಕಾಗದ ಸುತ್ತಿ, ಮದುವೆ ಸೀರೆ ಮಡಿಸಿದ ಹಾಗೆ ಇಟ್ಟಿದ್ದರು. ಒಂದರಲ್ಲೂ ಊನವಿಲ್ಲ. ನಮ್ಮ ಮ್ಯಾನೇಜರ್ ಎರಡು ಎತ್ತಿ ನೋಡಿ ಕೆಳಗಿಟ್ಟಳು. "ಆರಿಸಿ ಕಳಿಸಿದ್ದಾರೆ. ಏನೋ ಮುಚ್ಚಿಡ್ತಿದ್ದಾರೆ." ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು ಅನ್ನುತ್ತೇವಲ್ಲ, ಆ ಅನುಮಾನ ಅವಳದು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಧಾರವಾಡದವಳು.

"ಮುಚ್ಚಿಡೂದೇನ್ ಬಂತ್ರೀ ಇದರಾಗ? ಬೀಗರ ಎಲಿಗೆ ಹರಿದ ಹೋಳಿಗಿ ಬಡಸ್ತಾರೇನು? ಹರಿದದ್ದು ಅಡಗಿಮನ್ಯಾಗ ನಾವ ತಿಂತೀವಿ."

"ಮ್ಯಾನೇಜರ್‌ಗೆ ಹೋಳಿಗೆ ಗೊತ್ತಿಲ್ಲ ಕಣೇ."

"ನಿಮಗ ಗೊತ್ತದ ಅಲ್ಲ?"

ಮರುದಿನ ಆಫೀಸಿನಲ್ಲಿ ಮ್ಯಾನೇಜರ್ ಹತ್ತಿರ ಇನ್ನೊಂದು ಅವಕಾಶ ಕೇಳಿದೆ. ಇನ್ನೊಂದು ಪೆಟ್ಟಿಗೆ, ಅದೇ ಕೊನೆ ಎಂದಳು. ಶನಿವಾರ ಬೆಳಿಗ್ಗೆ ಪಕ್ಕದ ಮನೆಯವನು ನನ್ನೆದುರಿಗೇ ತಂಗಿಗೆ ಫೋನ್ ಮಾಡಿದ. ಅವರ ಭಾಷೆಯಲ್ಲಿ ದೊಡ್ಡ ಜಗಳವೇ ಆಯಿತು.

"ಶೆಡ್ಡಲ್ಲಿ ನಮ್ಮ ಮಾಲು ನೋಡಿ ಆರಿಸೋ ಮುದುಕ ಆ ಹಳೇ ಸರ್ಕಾರದ ಕಾಲದವನು," ಎಂದ ಫೋನಿಟ್ಟು. "ಆಗ ಕೆಟ್ಟ ಮಾಲು ಹೊರಗೆ ಬಂದರೆ ಪೊಲೀಸರು ಬರೋರು. ಕೆಟ್ಟದ್ದನ್ನ ಕಳಿಸೋಕೆ ಅವನ ಕೈ ಏಳಲ್ಲವಂತೆ."

"ತಂಗೀನೇ ತುಂಬಲಿ."

"ಅವಳೂ ಅವನ ಹತ್ತಿರವೇ ಕೆಲಸ ಕಲಿತಿದ್ದು."

ಎರಡನೆಯ ಪೆಟ್ಟಿಗೆಯಲ್ಲಿ ಕೆಟ್ಟವೂ ಇದ್ದವು. ಆದರೆ ಅವುಗಳ ಅಂಚನ್ನು ಕತ್ತರಿಯಿಂದ ಸವರಿ, ತಿದ್ದಿ ಕಳಿಸಿದ್ದರು. ಆ ಗುರುತು ಸಿಕ್ಕಿದ್ದು ನನ್ನ ಹೆಬ್ಬೆರಳಿಗೆ. ಹೇಳುವುದೇ ನನ್ನ ಕೆಲಸ, ಮ್ಯಾನೇಜರ್‌ಗೆ ಹೇಳಿದೆ. ಆರ್ಡರ್ ಮೆಕ್ಸಿಕೋದವರಿಗೆ ಹೋಯಿತು.

ತಿಳಿಸಲು ಹೋದಾಗ ಅವನು ಮನೆ ಮುಂದಿನ ಹಿಮವನ್ನು ಯಂತ್ರದಲ್ಲಿ ತೆಗೆಯುತ್ತಿದ್ದ. ಯಂತ್ರ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ.

"ಕತ್ತರಿ ಕೆಲಸ ತಂಗಿಯದು. ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

"ಮುಂದಿನ ತಿಂಗಳು ಶೆಡ್ಡು ಬಿಟ್ಟುಕೊಡ್ತೀವಿ," ಎಂದು ಮತ್ತೆ ಯಂತ್ರ ಚಾಲೂ ಮಾಡಿದ. ತನ್ನದು ಮುಗಿಸಿ, ಎಂದಿನಂತೆ ನಮ್ಮ ಮನೆ ಮುಂದಿನ ಹಿಮವನ್ನೂ ತೆಗೆಯತೊಡಗಿದ. ನಾನು ಜೇಬಿನಲ್ಲಿ ಕೈಯಿಟ್ಟುಕೊಂಡು ನೋಡುತ್ತಾ ನಿಂತಿದ್ದೆ. ಬೇಡಪ್ಪ ಎನ್ನಬೇಕೆಂದು ಕೂಡ ಹೊಳೆಯಲಿಲ್ಲ.