ಉತ್ತರಕ್ಕೆ ತಿರುಗಿದ ಮಂಚ

ಯಲ್ಲಾಪುರದ ತವರುಮನೆಯಲ್ಲಿ ಈಗ ಇರುವುದು ಅವ್ವ ಮತ್ತು ಟೆಂಪೋ ಓಡಿಸುವ ನನ್ನ ತಮ್ಮ. ಅಪ್ಪ ತೀರಿಕೊಂಡ ಮೇಲೆ ತಮ್ಮನಿಗೆ ರಾತ್ರಿ ನಿದ್ದೆಯೇ ಹತ್ತುತ್ತಿರಲಿಲ್ಲ. ಹಾಳು ನಿದ್ದೆ, ಹಗಲು ಸ್ಟಿಯರಿಂಗ್ ಹಿಡಿದಾಗ ಮಾತ್ರ ಬರುತ್ತಿತ್ತು. ಒಮ್ಮೆ ಕಿರವತ್ತಿ ಹತ್ತಿರ ತೂಕಡಿಸಿ ಗಾಡಿಯನ್ನು ರಸ್ತೆಯಿಂದಾಚೆ ಇಳಿಸಿದ. ಜೀವ ಉಳಿದದ್ದೇ ದೊಡ್ಡದು. ಆಮೇಲೆ ಟೆಂಪೋ ಮನೆಮುಂದೆ ಬಂದು ನಿಲ್ಲುವವರೆಗೆ ಅವ್ವ ತಟ್ಟೆ ಮುಟ್ಟುತ್ತಿರಲಿಲ್ಲ.

ಡಾಕ್ಟರು ಕೊಟ್ಟ ಗುಳಿಗೆ ನುಂಗಿದರೆ ಮರುದಿನವೂ ಮಂಪರು. ಅವ್ವ ಚಂದಗುಳಿ ಗಣಪತಿಗೆ ಗಂಟೆ ಕಟ್ಟುವ ಹರಕೆ ಹೇಳಿಕೊಂಡಳು. ತಮ್ಮ ಫೋನಿನಲ್ಲಿ ನೋಡಿ ಚೀನಾದವರ ಫೆಂಗ್ ಶುಯಿ ಹಿಡಿದುಕೊಂಡ.

ನಾನು ಸಿರ್ಸಿಯಿಂದ ಹೋದಾಗ ಬಾಗಿಲಲ್ಲೇ ಗಾಳಿಗಂಟೆ ನನ್ನ ಹಣೆಗೆ ಬಡಿಯಿತು. ಟೀವಿ ಪಕ್ಕ ಬಾಯಲ್ಲಿ ನಾಣ್ಯ ಕಚ್ಚಿಕೊಂಡ ಮೂರು ಕಾಲಿನ ಕಪ್ಪೆ.

"ಇದು ಮಳೆ ಬಂದ್ರೆ ಕೂಗ್ತದಾ?" ಎಂದೆ.

"ನಗಾಡ್ಬೇಡ ಅಕ್ಕಾ," ಎಂದವನು ಪಾಠ ಶುರುಮಾಡಿದ. ಮನೆಯೊಳಗೆ ಒಂದು ಶಕ್ತಿ ಹರಿಯುತ್ತದಂತೆ, ಅಡ್ಡ ಏನಾದರೂ ಇಟ್ಟರೆ ಅದಕ್ಕೆ ತಡೆಯಾಗುತ್ತದಂತೆ. ಹುಟ್ಟಿದ ವರ್ಷ ನೋಡಿ ಒಬ್ಬೊಬ್ಬರಿಗೆ ಒಂದೊಂದು ಒಳ್ಳೆಯ ದಿಕ್ಕಂತೆ.

"ವಾಸ್ತುವಿಗೂ ಇದಕ್ಕೂ ಎಂತ ವ್ಯತ್ಯಾಸ?"

"ವಾಸ್ತುವಿಗೆ ಗೋಡೆ ಒಡೀಬೇಕು. ಇದಕ್ಕೆ ಮಂಚ ತಿರುಗಿಸಿದ್ರೆ ಸಾಕು."

ನಿನ್ನ ದಿಕ್ಕು ಯಾವುದೋ ಎಂದು ಕೇಳಿದ್ದಕ್ಕೆ ಮಾತ್ರ ಮಹಾರಾಯ ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಕಿಟಾರನೆ ಕಿರುಚಿದಳು. ಅಡುಗೆಮನೆಯಿಂದ ಓಡಿದೆ. ಚಹಾದ ಲೋಟ ನೆಲದ ಮೇಲೆ ಉರುಳಿತ್ತು. ತಮ್ಮನ ಮಂಚ ತಿರುಗಿತ್ತು, ಅವನ ತಲೆ ಉತ್ತರಕ್ಕಿತ್ತು. ನಮ್ಮ ಮನೆಯಲ್ಲಿ ಆ ಕಡೆ ತಲೆಯಿಟ್ಟು ಮಲಗಿದವನೆಂದರೆ ಅಪ್ಪ ಒಬ್ಬನೇ, ಅದೂ ಉಸಿರು ನಿಂತ ಮೇಲೆ ನಾವೇ ಹಾಗೆ ಮಲಗಿಸಿದ್ದು. ಈಗ ತಮ್ಮ ಹಾಗೆಯೇ ಅಂಗಾತ ಬಿದ್ದಿದ್ದ, ಬಾಯಿ ಅರೆ ತೆರೆದಿತ್ತು. "ತಮಾ, ಏಳೋ! ಏಳೋ ತಮಾ!" ಎಂದು ಅವ್ವ ಹೆಗಲು ಹಿಡಿದು ಅಲುಗಿಸುತ್ತಿದ್ದಳು. ಅವನು ಏಳಲಿಲ್ಲ. ಅವನ ಮೂಗಿನ ಹತ್ತಿರ ಕೈ ಒಯ್ಯಲು ನನಗೆ ಧೈರ್ಯ ಬರಲಿಲ್ಲ.

ಆಗ ಅವನು ಗೊರಕೆ ಹೊಡೆದ.

ಅವ್ವ ಅವನ ಹೆಗಲಿಗೆ ಗುದ್ದಿ ಎಬ್ಬಿಸಿ ಗೊಳೋ ಎಂದು ಅತ್ತಳು. "ಉತ್ತರಕ್ಕೆ ತಲೆ ಹಾಕೂದು ಹೆಣ ಮಾರಾಯಾ!"

"ಚೀನಾದವ್ರ ಲೆಕ್ಕದಲ್ಲಿ ಅದೇ ನಂಗೆ ಆರೋಗ್ಯದ ದಿಕ್ಕು," ಎಂದ, ಕಣ್ಣುಜ್ಜಿಕೊಳ್ಳುತ್ತ.

ಅವ್ವನ ಅಳು ಅರ್ಧಕ್ಕೇ ನಿಂತಿತು. "ನಿದ್ದೆ ಬಂತಾ?"

"ಬಂತು ಅವ್ವಾ. ನೀ ಕರ್ದಿದ್ದೂ ಗೊತ್ತಾಗ್ಲಿಲ್ಲ."

ಸಂಜೆ ಆ ದರಿದ್ರ ಮಂಚವನ್ನು ಮೊದಲಿನಂತೆ ಮಾಡಿಬಿಡೋಣವೆಂದು ಸೆರಗು ಸಿಕ್ಕಿಸಿದೆ. ಅವ್ವ ನನ್ನ ಕೈ ಹಿಡಿದಳು.

"ಇರ್ಲಿ ಬಿಡು. ನಿದ್ದೆ ಇಲ್ದೆ ಗಾಡಿ ಹೊಡೆದ್ರೆ ಸಾಯೂಕೆ ದಿಕ್ಕು ಬೇಕಾ?"

ಒಳಗಿನಿಂದ ತನ್ನ ಚಾಪೆ ತಂದು ಅವನ ಮಂಚದ ಪಕ್ಕಕ್ಕೆ ಹಾಸಿದಳು. ದಿಂಬನ್ನು ಉತ್ತರಕ್ಕಿಟ್ಟಳು, ಅವನ ದಿಂಬಿಗಿಂತ ಒಂದು ಮೊಳ ಮುಂದೆ.

"ಇದೆಂತ ಅವ್ವಾ?"

"ಕರ್ಕೊಂಡ್ ಹೋಗೂಕೆ ಆ ಕಡೆಯಿಂದ ಬಂದವ್ರಿಗೆ ಮೊದ್ಲು ನನ್ ತಲೆ ಸಿಗ್ಲಿ," ಎಂದಳು ಅವ್ವ.